ಒಂದು ಚೆಂಡಿಗೆ ಇಪ್ಪತ್ತು ಮಕ್ಕಳ ಪಾಳಿ ಬೇಡ

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬೀಳುತ್ತಿದ್ದಂತೆ ಬೆಳಗಾವಿಯ ಮೈದಾನಗಳ ಗೇಟಿಗೆ ಫುಟ್‌ಬಾಲ್ ಶಿಬಿರಗಳ ಬ್ಯಾನರ್ ಬೀಳುತ್ತವೆ. ಐದು ವರ್ಷದ ಕೂಸಿನಿಂದ ಹದಿನೈದರ ಹುಡುಗನ ತನಕ ಎಲ್ಲರಿಗೂ ಒಂದೇ ಶಿಬಿರ, ಒಂದೇ ಅಳತೆಯ ಚೆಂಡು, ಒಂದೇ ಗೋಲುಕಂಬ. ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿದರೆ ಬಹುತೇಕ ಕಡೆ ಕಾಣುವುದು ಇಷ್ಟು: ಮೊದಲು ಗ್ರೌಂಡಿಗೆ ನಾಲ್ಕು ರೌಂಡ್ ಓಟ. ಆಮೇಲೆ ಇಪ್ಪತ್ತು ಮಕ್ಕಳ ಸಾಲು, ಸಾಲಿನ ಮುಂದೆ ಆರೇಳು ಕೋನ್, ಒಂದೇ ಚೆಂಡು. ಕೊನೆಗೆ ಹನ್ನೊಂದು ಹನ್ನೊಂದು ಮಂದಿಯ ಮ್ಯಾಚು.

ಆ ಸಾಲಿನ ಲೆಕ್ಕ ಹಾಕಿ ನೋಡಿ. ಕೋನ್‌ಗಳ ನಡುವೆ ಚೆಂಡು ಒಯ್ದು ತರಲು ಒಂದು ಮಗುವಿಗೆ ಹದಿನೈದು ಸೆಕೆಂಡು ಬೇಕು. ಇಪ್ಪತ್ತು ಮಕ್ಕಳ ಪಾಳಿ ಸುತ್ತಿ ಬರಲು ಐದು ನಿಮಿಷ. ಇಪ್ಪತ್ತು ನಿಮಿಷದ ಅಭ್ಯಾಸದಲ್ಲಿ ಒಬ್ಬೊಬ್ಬರಿಗೆ ನಾಲ್ಕು ಪಾಳಿ, ಅಂದರೆ ಕಾಲಿಗೆ ಚೆಂಡು ಸಿಕ್ಕಿದ್ದು ಬರೀ ಒಂದು ನಿಮಿಷ. ಉಳಿದ ಹತ್ತೊಂಬತ್ತು ನಿಮಿಷ ಮುಂದಿನವನ ಬೆನ್ನು ನೋಡುತ್ತ, ಹಿಂದಿನವನ ಕಾಲು ತುಳಿಯುತ್ತ ನಿಲ್ಲುವುದು. ಮಕ್ಕಳು ಗದ್ದಲ ಮಾಡುತ್ತಾರೆ, ಶಿಸ್ತಿಲ್ಲ ಎಂದು ಬೈಯುವ ಸರ್‌ಗಳು ಮೊದಲು ಈ ಸಾಲನ್ನು ಒಡೆಯಬೇಕು.

ಹತ್ತು ವರ್ಷದ ಒಳಗಿನವರಿಗೆ ತಲೆಗೊಂದು ಚೆಂಡು ಇರಬೇಕು. ಅಷ್ಟು ರೊಕ್ಕ ಎಲ್ಲಿಂದ ತರೋಣ ಎನ್ನುವವರು ಇದ್ದಾರೆ. ಹೊಲಿಗೆಯ ದುಬಾರಿ ಚೆಂಡೇ ಬೇಕೆಂದಿಲ್ಲ. ಬೆಳಗಾವಿಯ ಗರಸು ಮಣ್ಣಿನ ಮೈದಾನಗಳಲ್ಲಿ ಹೊಲಿಗೆ ಚೆಂಡಿನ ಮೇಲ್ಪದರ ಬೇಗ ಸುಲಿದು ಹೋಗುತ್ತದೆ. ಅಚ್ಚಿನಲ್ಲಿ ತೆಗೆದ ರಬ್ಬರ್ ಚೆಂಡು ಕಡಿಮೆ ಬೆಲೆಗೆ ಸಿಕ್ಕು ಹೆಚ್ಚು ದಿನ ತಡೆಯುತ್ತದೆ. ಅದೂ ಆಗದಿದ್ದರೆ ಇಬ್ಬರಿಗೊಂದು. ಮೂವರಿಗೊಂದು ಎಂದಾದರೆ ಮತ್ತೆ ಪಾಳಿ ಶುರು.

ಅಳತೆಯ ಮಾತು ಇನ್ನೂ ಮುಖ್ಯ. 5ನೇ ನಂಬರ್ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಅದು ದೊಡ್ಡವರ ಚೆಂಡು. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ನಂಬರ್, ಅಂದರೆ ಸುಮಾರು 64ರಿಂದ 66 ಸೆಂ.ಮೀ. ಸುತ್ತಳತೆ, 350ರಿಂದ 390 ಗ್ರಾಂ ತೂಕ. ಅದಕ್ಕಿಂತ ಚಿಕ್ಕವರಿಗೆ 3ನೇ ನಂಬರ್, ಸುಮಾರು 60 ಸೆಂ.ಮೀ., 300 ಗ್ರಾಂ ಆಸುಪಾಸು. ಇಪ್ಪತ್ತು ಕಿಲೋ ತೂಗುವ ಹುಡುಗಿಯ ಕಾಲಿಗೆ 5ನೇ ನಂಬರ್ ಕೊಟ್ಟರೆ ಪಾದದ ಒಳಮಗ್ಗುಲಿಂದ ತಳ್ಳಿದ ಚೆಂಡು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತದೆ. ದೂರ ಹೋಗಲಿ ಎಂದು ಆಕೆ ಬೆರಳ ತುದಿಯಿಂದ ಕುಟ್ಟಲು ಕಲಿಯುತ್ತಾಳೆ. ಹನ್ನೆರಡರ ಮೇಲೆ ಆ ರೂಢಿ ಬಿಡಿಸುವುದು ಕಷ್ಟ.

ಗಾಳಿಯ ವಿಷಯದಲ್ಲೂ ಕೈ ಅಳತೆ ತಪ್ಪುತ್ತದೆ. ದೊಡ್ಡವರ ಚೆಂಡಿಗೆ ನಿಯಮ ಪುಸ್ತಕ ಹೇಳುವುದು 8.5ರಿಂದ 15.6 ಪಿಎಸ್‌ಐ ಒತ್ತಡ. ಮಕ್ಕಳ ಚೆಂಡಿಗೆ ಗಾಳಿ ತುಂಬುವ ತೂತಿನ ಹತ್ತಿರ ಎಷ್ಟು ಎಂದು ಅಚ್ಚಾಗಿರುತ್ತದೆ, ಅದರಲ್ಲಿ ಕೆಳಗಿನ ಅಂಕಿ ಹಿಡಿಯಿರಿ. ಗಟ್ಟಿ ನೆಲದಲ್ಲಿ ಬಿಗಿ ತುಂಬಿದ ಚೆಂಡು ಮಗುವಿನ ಎದೆಯ ಮಟ್ಟಕ್ಕೆ ಪುಟಿಯುತ್ತದೆ, ಹಿಡಿತಕ್ಕೆ ಬರುವುದಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದರೆ ತುಸು ತಗ್ಗಬೇಕು, ಅಷ್ಟು ಸಾಕು. ಸೂಜಿಯನ್ನು ನೀರಿನಲ್ಲಿ ಅದ್ದದೆ ಒಣದೇ ಚುಚ್ಚಿದರೆ ಒಳಗಿನ ರಬ್ಬರು ಹರಿದು, ಚೆಂಡು ವಾರಕ್ಕೊಮ್ಮೆ ಸೊರಗುತ್ತದೆ. ಚೆಂಡು ಹಾಳಾಯಿತೆಂದು ಮೂಲೆಗೆ ಎಸೆದವುಗಳಲ್ಲಿ ಅರ್ಧ ಈ ಒಣ ಸೂಜಿಯವು.

ಇನ್ನು ಮೈದಾನ. 100 ಮೀಟರ್ ಉದ್ದ, 64 ಮೀಟರ್ ಅಗಲದ ಅಂಗಳದಲ್ಲಿ ಇಪ್ಪತ್ತೆರಡು ಮಕ್ಕಳನ್ನು ಬಿಟ್ಟರೆ ತಲೆಗೆ 290 ಚದರ ಮೀಟರ್ ಜಾಗ. ಚೆಂಡು ಮಾತ್ರ ಒಂದೇ. ಗೋಲಿನ ಅಡ್ಡಪಟ್ಟಿ ನೆಲದಿಂದ 8 ಅಡಿ; ಗೋಲು ಕಾಯುವ ಎಂಟು ವರ್ಷದ ಗೋಲಿಯ (ಗೋಲ್‌ಕೀಪರ್) ಎತ್ತರ ನಾಲ್ಕು ಅಡಿ ಚಿಲ್ಲರೆ. ದೂರದಿಂದ ಎತ್ತಿ ಹೊಡೆದದ್ದೆಲ್ಲ ಅವನ ತಲೆ ಮೇಲೆ ಹಾದು ಗೋಲು. ಹೀಗಾಗಿ ತಂಡದಲ್ಲಿ ಯಾರು ದಪ್ಪ, ಯಾರು ಎತ್ತರ, ಅವನಿಗೇ ಚೆಂಡು, ಅವನದೇ ಗೋಲು. ಉಳಿದವರು ಅವನ ಹಿಂದೆ ಓಡುವ ಬರಾತಿನವರು. ನಮ್ಮ ಕಡೆ ಗರಡಿಯಲ್ಲಿ ಮೀಸೆ ಚಿಗುರದ ಹುಡುಗನನ್ನು ದೊಡ್ಡ ಪೈಲ್ವಾನನ ಎದುರು ಬಿಡುವುದಿಲ್ಲ, ಜೋಡಿ ನೋಡಿಯೇ ಕುಸ್ತಿ ಹಚ್ಚುತ್ತಾರೆ. ಫುಟ್‌ಬಾಲ್ ಮೈದಾನಕ್ಕೆ ಬಂದರೆ ಆ ವಿವೇಕ ಎಲ್ಲಿ ಹೋಗುತ್ತದೋ!

ಜರ್ಮನಿಯ ಫುಟ್‌ಬಾಲ್ ಸಂಸ್ಥೆ 2024–25ರ ಋತುವಿನಿಂದ ತೀರ ಚಿಕ್ಕ ಮಕ್ಕಳಿಗೆ ಇಬ್ಬರಿಬ್ಬರ ಅಥವಾ ಮೂವರ ಆಟವನ್ನೇ ಕಡ್ಡಾಯ ಮಾಡಿದೆ. ಆರೇಳು ವರ್ಷದವರು ಮೂವರು ಮೂವರಾಗಿ, ಗೋಲಿಯಿಲ್ಲದೆ, ನಾಲ್ಕು ಪುಟ್ಟ ಗೋಲುಗಳಿಗೆ ಆಡುತ್ತಾರೆ. ಮೂವರ ಆಟ, ನಾಲ್ಕು ಗೋಲು ಎಂಬ ಈ ಉಪಾಯವನ್ನು ಬೆಳೆಸಿದ ಹೋರ್ಸ್ಟ್ ವೈನ್ ಮೂಲತಃ ಹಾಕಿ ತರಬೇತುದಾರರು ಎಂಬುದು ನಮ್ಮ ದೈಹಿಕ ಶಿಕ್ಷಕರಿಗೆ ಖುಷಿ ಕೊಡಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್ ಕೂಡ ಸಣ್ಣ ಅಂಗಳ, ಕಡಿಮೆ ಆಟಗಾರರು ಎಂಬ ಇದೇ ದಾರಿಯದಾಗಿತ್ತು.

ಇದನ್ನು ಹಾಕುವುದು ಹೇಗೆಂದರೆ, 25 ಮೀಟರ್ ಉದ್ದ 20 ಮೀಟರ್ ಅಗಲದ ಚೌಕ ತೆಗೆಯಿರಿ. ಒಂದು ದೊಡ್ಡ ಮೈದಾನದಲ್ಲಿ ಇಂಥ ಆರು ಅಂಗಳ ಸಲೀಸಾಗಿ ಕೂರುತ್ತವೆ, ಮೂವತ್ತಾರು ಮಕ್ಕಳು ಒಟ್ಟಿಗೆ ಆಡುತ್ತಾರೆ. ಎರಡೂ ತುದಿಯ ಗೆರೆಯ ಮೇಲೆ, ಮೂಲೆಗಳ ಹತ್ತಿರ, ನಾಲ್ಕೈದು ಅಡಿ ಅಗಲದ ಎರಡೆರಡು ಗೋಲು. ಕಂಬದ ಬದಲು ಅರ್ಧ ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿ ನಡೆಯುತ್ತದೆ. ಇಟ್ಟಂಗಿ, ಕಲ್ಲು ಮಾತ್ರ ಬೇಡ, ಬಿದ್ದ ಮಗುವಿನ ಹಲ್ಲು ಅದರ ಮೇಲೇ ಹೋಗುತ್ತದೆ. ಗೆರೆಯಿಂದ ಆರು ಮೀಟರ್ ಒಳಗೆ ಬಂದು ಹೊಡೆದರಷ್ಟೇ ಗೋಲು. ಚೆಂಡು ಹೊರಗೆ ಹೋದರೆ ಕೈಯಿಂದ ಎಸೆಯುವುದಿಲ್ಲ, ಕಾಲಿಂದ ಪಾಸ್ ಕೊಟ್ಟೋ ತಾನೇ ಒಯ್ದೋ ಒಳಗೆ ತರುವುದು. ಆಫ್‌ಸೈಡ್ ಇಲ್ಲ. ಏಳು ನಿಮಿಷಕ್ಕೆ ಸೀಟಿ. ಗೆದ್ದ ತಂಡ ಬಲಗಡೆಯ ಅಂಗಳಕ್ಕೆ, ಸೋತದ್ದು ಎಡಕ್ಕೆ. ಮೂರ್ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಬಲದ ಕೊನೆಯ ಅಂಗಳದಲ್ಲಿ ಗಟ್ಟಿಗರು, ಎಡದ ಕೊನೆಯಲ್ಲಿ ಹೊಸಬರು ತಾವಾಗಿಯೇ ಸೇರಿರುತ್ತಾರೆ. ಯಾರನ್ನೂ ಆರಿಸಿ ಅವಮಾನ ಮಾಡಬೇಕಾಗಿಲ್ಲ.

ನಾಲ್ಕು ಗೋಲು ಯಾಕೆಂದರೆ, ಒಂದೇ ಗೋಲಿದ್ದಾಗ ಮಗು ತಲೆ ತಗ್ಗಿಸಿ ಅದರ ಕಡೆಗೇ ನುಗ್ಗುತ್ತದೆ. ಎರಡಿದ್ದಾಗ ಯಾವುದು ಖಾಲಿ ಎಂದು ತಲೆ ಎತ್ತಿ ನೋಡಲೇಬೇಕು. ಎಡದ ಕಡೆ ಗುಂಪು ಕೂಡಿದರೆ ತಿರುಗಿ ಬಲಕ್ಕೆ ಹೋಗಲೇಬೇಕು. "ತಲಿ ಎತ್ತೋ" ಎಂದು ನೂರು ಸಲ ಕೂಗಿದರೂ ಬರದ್ದನ್ನು ಅಂಗಳವೇ ಕಲಿಸುತ್ತದೆ.

ಕೆಡುವುದೂ ಉಂಟು. ಒಬ್ಬ ಗೋಲಿನ ಬಾಯಲ್ಲೇ ಕೂತುಬಿಡುತ್ತಾನೆ. ಎರಡು ಹೆಜ್ಜೆ ಹತ್ತಿರ ನಿಲ್ಲುವಂತಿಲ್ಲ ಎಂಬ ನಿಯಮ ಹಾಕಿ. ಒಬ್ಬ ಚುರುಕಿನವ ಎಲ್ಲರನ್ನೂ ದಾಟಿ ತಾನೇ ಹೊಡೆಯುತ್ತಾನೆ. ಅವನಿಗೆ ಎರಡೇ ಟಚ್ ಎಂದು ಕಟ್ಟು ಹಾಕುವವರು ಬಹಳ, ಅದು ತಪ್ಪು. ಚೆಂಡು ಕಾಲಿಗೆ ಅಂಟಿಸಿಕೊಂಡು ದಾಟುವ ಧೈರ್ಯ ಎಂಟು ವರ್ಷಕ್ಕೆ ಬಂದಿದ್ದರೆ ಅದನ್ನು ಕೊಲ್ಲಬಾರದು. ಬಲದ ಅಂಗಳಗಳಲ್ಲಿ ಅವನಿಗೆ ಸರಿಜೋಡಿ ಸಿಗುತ್ತದೆ. ಒಂದು ತಂಡ ಮೂರು ಗೋಲು ಹಿಂದೆ ಬಿದ್ದರೆ ಅದಕ್ಕೆ ನಾಲ್ಕನೆಯವನನ್ನು ಸೇರಿಸಿ. ಒಂದಿಡೀ ನಿಮಿಷ ಯಾರೂ ಯಾರನ್ನೂ ದಾಟಲಾಗದಿದ್ದರೆ ಅಂಗಳ ಇಕ್ಕಟ್ಟಾಗಿದೆ ಎಂದರ್ಥ, ಎರಡು ಮೀಟರ್ ಹಿಗ್ಗಿಸಿ.

ಈಗ ಕಲಿಸುವ ಮಾತು. ಪಾದದ ಒಳಮಗ್ಗುಲಿನ ಪಾಸ್ ಒಂದನ್ನೇ ತೆಗೆದುಕೊಳ್ಳಿ. ನಿಂತ ಕಾಲು ಚೆಂಡಿನ ಪಕ್ಕದಲ್ಲಿ, ಮಗುವಿನದೇ ಒಂದು ಗೇಣು ದೂರದಲ್ಲಿ, ಬೆರಳು ಪಾಸ್ ಕೊಡುವ ಕಡೆಗೆ. ಮೊಣಕಾಲು ತುಸು ಬಾಗಿರಬೇಕು. ಹೊಡೆಯುವ ಪಾದ ಹೊರಕ್ಕೆ ತಿರುಗಿ, ಬೆರಳು ಮೇಲೆ, ಕಾಲಗಿಣ್ಣು ಬಿಗಿ. ತಾಗಬೇಕಾದ್ದು ಅಂಗಾಲಿನ ಕಮಾನಿನ ಮೇಲಿನ ಅಗಲವಾದ ಭಾಗ, ಚೆಂಡಿನ ಸರಿ ನಡುವಿಗೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ಮಗುವಿಗೆ ಒಂದೂ ನಿಲ್ಲುವುದಿಲ್ಲ. ಚೆಂಡು ಹೋಗುವ ರೀತಿ ನೋಡಿ ಒಂದೇ ತಪ್ಪು ಹಿಡಿಯಿರಿ. ಚೆಂಡು ಮೇಲೆದ್ದಿತೇ? ನಿಂತ ಕಾಲು ಹಿಂದೆ ಉಳಿದಿದೆ, ಮೈ ಹಿಂದಕ್ಕೆ ವಾಲಿದೆ. ಪಕ್ಕಕ್ಕೆ ಬುಗುರಿಯಂತೆ ತಿರುಗುತ್ತ ಹೋಯಿತೇ? ತಾಗಿದ್ದು ಬೆರಳ ಬುಡಕ್ಕೆ. ಶಬ್ದವಿಲ್ಲದೆ ಮೆತ್ತಗೆ ಹೊರಟು ನಡುದಾರಿಯಲ್ಲೇ ನಿಂತಿತೇ? ಗಿಣ್ಣು ಸಡಿಲ. ಮಾತೇ ಬೇಡ ಎನ್ನುವವರಿಗೆ ಒಂದು ಉಪಾಯ: ಬೂಟಿನ ಒಳಮಗ್ಗುಲಿಗೆ ಬಣ್ಣದ ಚಾಕ್ ತಿಕ್ಕಿ ಹತ್ತು ಪಾಸ್ ಹೊಡೆಸಿ. ಬೂಟಿನ ಮೇಲೆ ಎಲ್ಲಿ ಚಾಕ್ ಅಳಿಸಿದೆ ಎಂದು ಮಗುವೇ ಕೂತು ನೋಡುತ್ತದೆ, ಮುಂದಿನ ಹತ್ತರಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಐದು ಹೆಜ್ಜೆ ಅಂತರ, ನಡುವೆ ಒಂದು ಮೀಟರ್ ಅಗಲದ ಬಾಟಲಿ ಗೇಟು, ಒಂದು ನಿಮಿಷದಲ್ಲಿ ಎಷ್ಟು ಪಾಸ್ ಗೇಟು ದಾಟಿದವು ಎಂಬ ಎಣಿಕೆ. ಐದಾರು ನಿಮಿಷಕ್ಕಿಂತ ಹೆಚ್ಚು ಎಳೆದರೆ ಆ ವಯಸ್ಸಿನವರಿಗೆ ಬೇಸರ. ಎಡಗಾಲಿಗೂ ಅಷ್ಟೇ ಹೊತ್ತು, ಮೊದಲ ದಿನದಿಂದಲೇ.

ಡ್ರಿಬ್ಲಿಂಗ್‌ಗೆ, ಅಂದರೆ ಚೆಂಡನ್ನು ಕಾಲಲ್ಲೇ ಒಯ್ಯುವುದಕ್ಕೆ, 20 ಮೀಟರ್ ಚೌಕದಲ್ಲಿ ಹನ್ನೆರಡು ಮಕ್ಕಳು, ಹನ್ನೆರಡು ಚೆಂಡು, ಯಾರನ್ನೂ ಮುಟ್ಟದೆ ಅಡ್ಡಾಡಬೇಕು. ಸರ್ ಕೈ ಎತ್ತಿ ಬೆರಳು ತೋರಿಸಿದಾಗ ಎಷ್ಟೆಂದು ಕೂಗಬೇಕು. ಬೆಳಗಾವಿಯಲ್ಲಿ ಒಬ್ಬ ಮೂರು ಎಂದರೆ ಇನ್ನೊಬ್ಬ ತೀನ್ ಎನ್ನುತ್ತಾನೆ, ಎರಡೂ ಸರಿ. ಕೋನ್‌ಗಳ ಸಾಲಿನಲ್ಲಿ ಸುಂದರವಾಗಿ ಸುತ್ತುವ ಹುಡುಗ ಮ್ಯಾಚಿನಲ್ಲಿ ಚೆಂಡು ಕಳೆದುಕೊಳ್ಳುವುದು ಯಾಕೆಂದರೆ ಕೋನ್ ಅಡ್ಡ ಬರುವುದಿಲ್ಲ, ಕಾಲು ಹಾಕುವುದಿಲ್ಲ.

ಆರೇಳು ವರ್ಷದ ಮಕ್ಕಳು ಚೆಂಡಿನ ಸುತ್ತ ಜೇನುಹುಳದಂತೆ ಮುತ್ತುತ್ತಾರೆ. ಅದು ವಯಸ್ಸಿನ ಗುಣ. ಗೆರೆಯ ಆಚೆಯಿಂದ ಅಪ್ಪಂದಿರು "ನಿನ್ನ ಜಾಗಾ ಬಿಡಬ್ಯಾಡ", "ಒದೀ ಲೇ, ದೂರ ಒದಿ" ಎಂದು ಕೂಗುತ್ತಿದ್ದರೆ ಮಗು ಚೆಂಡು ಬಂದೊಡನೆ ಕಣ್ಣು ಮುಚ್ಚಿ ಒದೆಯುತ್ತದೆ, ಅಪ್ಪನಿಂದ ಶಾಬಾಸ್ ಪಡೆಯುತ್ತದೆ, ಆಟ ಕಲಿಯುವುದಿಲ್ಲ. ಡಿಫೆಂಡರ್, ಸ್ಟ್ರೈಕರ್ ಎಂದು ಹತ್ತು ವರ್ಷದೊಳಗೆ ಗೂಟ ಹೊಡೆಯಬೇಡಿ. ಆಡಲು ಬಾರದವನನ್ನು ಗೋಲಿಗೆ ನಿಲ್ಲಿಸುವ ಹಳೆಯ ಚಾಳಿಯೂ ಹೋಗಲಿ. ಗೋಲಿ ಇರುವ ಆಟದಲ್ಲಿ ಪ್ರತಿ ಅರ್ಧಕ್ಕೆ ಬೇರೆ ಮಗು ನಿಲ್ಲಲಿ.

ರೌಂಡ್ ಓಟದ ಬದಲು ಮುಟ್ಟಾಟ ಆಡಿಸಿ. ಓಡು, ನಿಲ್ಲು, ತಿರುಗು, ತಪ್ಪಿಸಿಕೋ, ಫುಟ್‌ಬಾಲಿಗೆ ಬೇಕಾದ ಓಟವೆಲ್ಲ ಅದರಲ್ಲೇ ಇದೆ. ಏಳರಿಂದ ಹದಿಮೂರು ವರ್ಷದವರಿಗೆಂದು ಫಿಫಾ ರೂಪಿಸಿದ 11+ ಕಿಡ್ಸ್ ಎಂಬ ಹದಿನೈದಿಪ್ಪತ್ತು ನಿಮಿಷದ ವ್ಯಾಯಾಮವಿದೆ: ಒಂಟಿಗಾಲಲ್ಲಿ ನಿಲ್ಲುವುದು, ಒಂಟಿಗಾಲಲ್ಲಿ ಜಿಗಿದು ಅಲುಗದೆ ಇಳಿಯುವುದು, ಭುಜದ ಮೇಲೆ ಉರುಳಿ ಏಳುವುದು. ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು 48 ಶೇಕಡ ಕಡಿಮೆಯಾದದ್ದನ್ನು 2018ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ತೋರಿಸಿದೆ. ಉರುಳುವುದನ್ನು ಗರಸಿನ ಮೇಲೆ ಮಾಡಿಸಬೇಡಿ, ಹುಲ್ಲೋ ಜಮಖಾನೆಯೋ ಇರಲಿ.

ನೆಲದ ಮಾತಿಗೆ ಬಂದರೆ, ಬೆಳಗಾವಿಯ ಕೆಂಪು ನೆಲದಲ್ಲಿ ಹರಳುಕಲ್ಲಿನ ಕಾಟ, ವಿಜಯಪುರ ಬಾಗಲಕೋಟೆ ಕಡೆಯ ಎರಿ ಮಣ್ಣಿನಲ್ಲಿ ಬಿರುಕಿನ ಕಾಟ. ಏಪ್ರಿಲ್ ಹೊತ್ತಿಗೆ ಬಿರುಕಿನಲ್ಲಿ ಮಗುವಿನ ಪಾದವೇ ಸಿಕ್ಕಿ ಗಿಣ್ಣು ಹೊರಳುತ್ತದೆ. ಆಡಿಸುವ ಅಷ್ಟು ಜಾಗಕ್ಕಾದರೂ ಗರಸು ತುಂಬಿ, ನೀರು ಹೊಡೆದು, ಉರುಳುಗಲ್ಲು ಎಳೆಸಬೇಕು. ಗೆರೆ ಹಾಕಲು ಸುಟ್ಟ ಸುಣ್ಣ ಬಳಸುವವರು ಇನ್ನೂ ಇದ್ದಾರೆ. ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಚಾಕ್ ಪುಡಿ, ರಂಗೋಲಿ ಪುಡಿ ಸಾಕು. ಬಾಗಲಕೋಟೆ, ವಿಜಯಪುರದ ಮೇ ಬಿಸಿಲಿನಲ್ಲಿ ಎಂಟೂವರೆಗೆ ಮಕ್ಕಳು ನೆರಳಿಗೆ ಬಂದಿರಬೇಕು. ಹದಿನೈದು ನಿಮಿಷಕ್ಕೊಮ್ಮೆ ನೀರು, ಬೇಡವೆಂದರೂ. ಅಡ್ಡಮಳೆಯ ಗುಡುಗು ಕೇಳಿದರೆ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ, ಮರದ ಕೆಳಗಲ್ಲ. ಕೊನೆಯ ಗುಡುಗಿನಿಂದ ಅರ್ಧ ತಾಸು ಹೊರಬರಬೇಡಿ.

ಬೂಟು ಕೊಳ್ಳುವ ಅಪ್ಪ ಅವ್ವಂದಿರಿಗೆ: ಬರುವ ವರ್ಷಕ್ಕೂ ಆಗಲಿ ಎಂದು ಎರಡು ನಂಬರ್ ದೊಡ್ಡದು ತರಬೇಡಿ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಸಾಕು. ಗಟ್ಟಿ ನೆಲಕ್ಕೆ ಉದ್ದ ಮುಳ್ಳಿನ ಬೂಟು ಬೇಡ, ಸಣ್ಣ ರಬ್ಬರ್ ಗುಬ್ಬಿಯ ಟರ್ಫ್ ಬೂಟು ಒಳ್ಳೆಯದು. ಮೊಣಕಾಲ ಕೆಳಗಿನ ಎಲುಬು ಕಾಯುವ ಶಿನ್‌ಗಾರ್ಡ್ ಅಭ್ಯಾಸದ ದಿನವೂ ಇರಲಿ.

ಎಂಟರಿಂದ ಹದಿನಾಲ್ಕರ ನಡುವೆ ಕೆಲವರಿಗೆ ಹಿಮ್ಮಡಿಯ ಹಿಂದೆ, ಇನ್ನು ಕೆಲವರಿಗೆ ಮೊಣಕಾಲ ಚಿಪ್ಪಿನ ಕೆಳಗಿನ ಗಂಟಿನಲ್ಲಿ ನೋವು ಬರುತ್ತದೆ. ಎಲುಬು ಬೇಗ ಬೆಳೆಯುವಾಗ ಸ್ನಾಯು ಅದರ ಎಳೆಯ ಭಾಗವನ್ನು ಜಗ್ಗುವುದರಿಂದ ಬರುವ ನೋವು ಅದು. "ಓಡಿದ್ರ ಬಿಡತೈತಿ" ಎಂದು ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿ ಓಡಿಸುವುದು ನೋವನ್ನು ತಿಂಗಳುಗಟ್ಟಲೆ ಎಳೆಯುತ್ತದೆ. ಓಟ ಜಿಗಿತ ಕಡಿಮೆ ಮಾಡಿ, ಐಸ್ ಇಟ್ಟು, ವೈದ್ಯರಿಗೆ ತೋರಿಸಿ. ಹಾಗೆಯೇ ತಲೆಯಿಂದ ಚೆಂಡು ಹೊಡೆಸುವುದು. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಹಾಗೂ ಅದಕ್ಕಿಂತ ಚಿಕ್ಕವರಿಗೆ ಇದು ಬೇಡವೆಂದು 2015ರಲ್ಲೇ ಹೇಳಿತು, ಇಂಗ್ಲೆಂಡಿನ ಸಂಸ್ಥೆ 2020ರಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನವರ ಅಭ್ಯಾಸದಿಂದ ತೆಗೆಯಿತು. ನಮ್ಮ ಶಿಬಿರಗಳಲ್ಲಿ ಏಳು ವರ್ಷದವರಿಗೆ ಬಿಗಿ ಗಾಳಿಯ 5ನೇ ನಂಬರ್ ಚೆಂಡಿನಿಂದ ಹೆಡಿಂಗ್ ಕಲಿಸುವುದು ಇನ್ನೂ ನಿಂತಿಲ್ಲ.

ಶಾಲಾ ಟೂರ್ನಿ ನಡೆಸುವವರಲ್ಲಿ ಒಂದು ಕೋರಿಕೆ. ಪ್ರಾಥಮಿಕ ಶಾಲೆಗಳ ಪಂದ್ಯಗಳನ್ನು ಅರ್ಧ ಮೈದಾನದಲ್ಲಿ, ಏಳು ಏಳು ಮಂದಿಯ ತಂಡವಾಗಿ, 4ನೇ ನಂಬರ್ ಚೆಂಡಿನಲ್ಲಿ, 12 ಅಡಿ ಅಗಲ 6 ಅಡಿ ಎತ್ತರದ ಗೋಲಿಗೆ ಆಡಿಸಿ. ಹನ್ನೊಂದರ ಆಟ ಸುಬ್ರೋತೊ ಕಪ್‌ನಂಥ ಟೂರ್ನಿಗೆ ಹೋಗುವ ವಯಸ್ಸಿಗೆ ಬರಲಿ, ತಡವಾಗುವುದಿಲ್ಲ. ತಂಡ ಆರಿಸುವಾಗ ಹುಟ್ಟಿದ ತಿಂಗಳನ್ನೂ ನೋಡಿ. ವಯಸ್ಸಿನ ಲೆಕ್ಕಕ್ಕೆ ಜನವರಿ 1 ಗಡಿದಿನವಾದರೆ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಹತ್ತು ವರ್ಷದ ಮಕ್ಕಳಲ್ಲಿ ಅದು ಸಣ್ಣದಲ್ಲ. ನಾವು ಪ್ರತಿಭೆ ಎಂದು ಆರಿಸುವುದು ಎಷ್ಟೋ ಸಲ ಆ ಎಂಟ್ಹತ್ತು ತಿಂಗಳ ಮೈಕಟ್ಟನ್ನೇ. ಹುಡುಗಿಯರನ್ನು ಹನ್ನೆರಡರ ತನಕ ಹುಡುಗರ ಜೊತೆಗೇ ಆಡಿಸಬಹುದು, ಅಡ್ಡಿಯಿಲ್ಲ.

ಕೊನೆಯದಾಗಿ, ಎತ್ತಿ ಇಡುವ ಕಬ್ಬಿಣದ ಗೋಲುಕಂಬ. ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದಾಗ ಅದು ಮುಂದಕ್ಕೆ ಮಗುಚುತ್ತದೆ. ಬೇರೆ ದೇಶಗಳಲ್ಲಿ ಹೀಗೆ ತಲೆಯ ಮೇಲೆ ಬಿದ್ದು ಮಕ್ಕಳು ಸತ್ತದ್ದುಂಟು. ಹಿಂದಿನ ಪಟ್ಟಿಯನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ, ಗೂಟ ಇಳಿಯದ ಗಟ್ಟಿ ನೆಲದಲ್ಲಿ ಮರಳಿನ ಚೀಲ ಹೇರಿ. ಅಭ್ಯಾಸ ಮುಗಿದ ಮೇಲೆ ಕಂಬವನ್ನು ಬೋರಲು ಮಲಗಿಸಿ, ಗೋಡೆಗೋ ಬೇಲಿಗೋ ಸರಪಳಿ ಹಾಕಿ ಬೀಗ ಜಡಿಯಿರಿ. ಶಿಬಿರಕ್ಕೆ ಹೆಸರು ಹಚ್ಚುವ ಮುನ್ನ ಪಾಲಕರು ಆ ಪಟ್ಟಿಯನ್ನು ಎರಡೂ ಕೈಯಿಂದ ಒಮ್ಮೆ ಜಗ್ಗಿ ನೋಡಲಿ.

— ಮಕ್ಕಳ ಫುಟ್‌ಬಾಲ್ ತರಬೇತುದಾರ, ಟಿಳಕವಾಡಿ, ಬೆಳಗಾವಿ